ಅಂಬಾಸಿಡರ್ ಸ್ಟಾರ್ಟ್ ಆಗದಿದ್ದುದಕ್ಕೆ ಕಾರಣ ಹುಡುಕಿದ ಬಗೆ

ಅಪ್ಪಯ್ಯನ 1984ರ ಅಂಬಾಸಿಡರ್ ಮಾರ್ಕ್ 4 ಪ್ರತಿ ಮಳೆಗಾಲವನ್ನೂ ಸಾಗರ ತಾಲ್ಲೂಕಿನ ನಮ್ಮ ಮನೆಯ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ಕಳೆಯುತ್ತದೆ. ಜೂನ್ ಮೊದಲ ವಾರ ಒಳಗೆ ನಿಲ್ಲಿಸಿದ್ದ ಕಾರನ್ನು ಈ ಸಲ ಆಯುಧಪೂಜೆಗೆ ತೊಳೆದು ಸಿದ್ಧಪಡಿಸೋಣವೆಂದು ಕೀಲಿ ತಿರುಗಿಸಿದೆ. 'ಟಕ್' ಎಂಬ ಒಂದೇ ಸದ್ದು ಬಂತು, ಎಂಜಿನ್ ಅಲುಗಲಿಲ್ಲ. ಎರಡು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಆಗ ಬ್ಯಾಟರಿ ಹೋಗಿದೆ ಎಂದುಕೊಂಡು ಹೊಸದನ್ನು ತಂದು ಹಾಕಿದ್ದೆವು, ಕಾರು ಹೊರಟಿತ್ತು. ಈ ಸಲ ಊರಿನ ಒಬ್ಬ ಮೆಕ್ಯಾನಿಕ್ ಬಂದು ಸದ್ದು ಕೇಳಿ, ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸೆಲ್ಫ್ ಮೋಟರ್ ಸುಟ್ಟಿದೆ, ಬಿಚ್ಚಿ ಕೊಟ್ಟರೆ ಅದರೊಳಗಿನ ಕಾಯಿಲ್ ಕಟ್ಟಿಸೋಣ ಎಂದರು. ಬಿಚ್ಚುವ ಮುನ್ನ ಒಂದು ದಿನ ನಾನೇ ನೋಡುತ್ತೇನೆಂದು ಕೇಳಿಕೊಂಡೆ. ಅಂಬಾಸಿಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತ ಮೇಲೆ ಈ ಕಾರಿನ ಒಳ್ಳೆಯ ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಸರಿಯಿರುವ ಮೂಲ ಮೋಟರನ್ನು ಸುಮ್ಮನೆ ಬಿಚ್ಚಿ ಹಾಳುಮಾಡಲು ನನಗೆ ಮನಸ್ಸಿರಲಿಲ್ಲ.

ಸ್ಟಾರ್ಟ್ ಆಗದ ಕಾರಿನ ಮುಂದೆ ನಿಂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಎಂಜಿನ್ ತಿರುಗಿಯೂ ಹೊತ್ತಿಕೊಳ್ಳುತ್ತಿಲ್ಲವೋ ಅಥವಾ ತಿರುಗುತ್ತಲೇ ಇಲ್ಲವೋ ಎಂಬುದು. ಮೊದಲನೆಯದಾದರೆ ಪೆಟ್ರೋಲ್ ಅಥವಾ ಕಿಡಿ ಹುಟ್ಟಿಸುವ ಸಿ.ಬಿ. ಪಾಯಿಂಟ್, ಇಗ್ನಿಷನ್ ಕಾಯಿಲ್, ಪ್ಲಗ್‌ಗಳತ್ತ ಹೋಗಬೇಕು. ನಮ್ಮದು ಎರಡನೆಯದು. ಆದ್ದರಿಂದ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸುವುದು ಉಪಕರಣವೇ ಬೇಡದ ಪರೀಕ್ಷೆ. ದೀಪ ಪೂರ್ತಿ ಕಂದಿದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್‌ಗಳನ್ನೋ ಶಂಕಿಸಬೇಕು. ಸದ್ದೂ ಇಲ್ಲದೆ ದೀಪವೂ ಬದಲಾಗದಿದ್ದರೆ ಕೀಲಿಯ ಸ್ವಿಚ್ಚು ಅಥವಾ ಸೆಲ್ಫ್ ಮೋಟರಿಗೆ ಕರೆಂಟು ಬಿಡುವ ಸಾಲೆನಾಯ್ಡ್‌ನತ್ತ ನೋಡಬೇಕು. ನಮ್ಮ ಕಾರಿನ ದೀಪ ತುಸುವೇ ಮಂಕಾಯಿತು. ಹೀಗಾಗಿ ಮಲ್ಟಿಮೀಟರ್ ತಂದೆ. ನಿಂತ ಸ್ಥಿತಿಯಲ್ಲಿ ಬ್ಯಾಟರಿ 12.5 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಇದು ಸುಮಾರು 12.6 ಇರುತ್ತದೆ, ಅರ್ಧಕ್ಕಿಳಿದಾಗ 12.2ರ ಆಸುಪಾಸಿಗೆ ಬರುತ್ತದೆ. ಅಂದರೆ ಬ್ಯಾಟರಿಯಲ್ಲಿ ಸಾಕಷ್ಟು ಚಾರ್ಜ್ ಇತ್ತು. ಆದರೆ ಇಷ್ಟಕ್ಕೇ ಅದು ಗಟ್ಟಿಯಾಗಿದೆ ಎನ್ನುವಂತಿಲ್ಲ, ಏಕೆಂದರೆ ಕೆಲಸ ಮಾಡದೆ ಸುಮ್ಮನಿರುವಾಗ ಎಷ್ಟೋ ಸೋತ ಬ್ಯಾಟರಿಗಳೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತವೆ.

ಅಳೆಯಬೇಕಾದುದು ಕೀಲಿ ತಿರುಗಿಸಿ ಹಿಡಿದಿರುವಾಗ. ಇದಕ್ಕೆ ಇಬ್ಬರು ಬೇಕು. ಕಾರು ನ್ಯೂಟ್ರಲ್‌ನಲ್ಲಿದ್ದು ಹ್ಯಾಂಡ್‌ಬ್ರೇಕ್ ಹಾಕಿರಬೇಕು, ಎಂಜಿನ್ ಹಠಾತ್ತನೆ ಹೊತ್ತಿಕೊಳ್ಳದಂತೆ ಇಗ್ನಿಷನ್ ಕಾಯಿಲ್‌ಗೆ ಕರೆಂಟು ತರುವ ತೆಳು ವೈರನ್ನು ಬಿಡಿಸಿಡಬೇಕು. ಅಪ್ಪಯ್ಯ ಡ್ರೈವರ್ ಸೀಟಿನಲ್ಲಿ ಕುಳಿತರು, ನಾನು ಬಾನೆಟ್ಟಿನೊಳಗೆ ಬಾಗಿದೆ. ಸೆಲ್ಫ್ ಮೋಟರ್ ಸರಿಯಾಗಿ ತಿರುಗುವಾಗ ನೂರು ಆಂಪಿಯರಿಗೂ ಹೆಚ್ಚು ಕರೆಂಟನ್ನು ಎಳೆಯುತ್ತದೆ, ಆಗ ಬ್ಯಾಟರಿ ಹತ್ತು ಹನ್ನೊಂದು ವೋಲ್ಟಿಗೆ ಇಳಿಯುವುದು ಸಹಜ. 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸುತ್ತಾರೆ. ನಮ್ಮದು 12.1ರಲ್ಲೇ ನಿಂತಿತು. ಬ್ಯಾಟರಿ ಕೊಡಲು ಸಿದ್ಧವಿದ್ದರೂ ಹಾದಿಯಲ್ಲೋ ಮೋಟರಿನಲ್ಲೋ ತಡೆಯಿದೆ ಎಂಬುದು ಆಗ ಖಚಿತವಾಯಿತು.

ತಡೆ ಎಲ್ಲಿದೆ ಎಂದು ತಿಳಿಯಲು ಪ್ರತಿಯೊಂದು ಕೇಬಲ್ಲಿನ ಎರಡು ತುದಿಗಳಿಗೆ ಮೀಟರಿನ ಕಡ್ಡಿಗಳನ್ನು ಹಿಡಿದು, ಕರೆಂಟು ಹರಿಯುತ್ತಿರುವಾಗ ಅಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ನೋಡಬೇಕು. ಮೀಟರನ್ನು ತಡೆ ಅಳೆಯುವ ಓಮ್‌ಗೆ ತಿರುಗಿಸಿ ಕೇಬಲ್ ಅಳೆದರೆ ಇಲ್ಲಿ ಪ್ರಯೋಜನವಿಲ್ಲ. 0.01 ಓಮ್‌ನ ತಡೆಯೂ ನೂರು ಆಂಪಿಯರಿನಲ್ಲಿ ಒಂದು ಪೂರ್ತಿ ವೋಲ್ಟನ್ನು ನುಂಗುತ್ತದೆ, ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮಲ್ಟಿಮೀಟರ್ ಗುರುತಿಸಲಾರದು. ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟರಿನ ಟರ್ಮಿನಲ್ಲಿಗೆ 0.2 ವೋಲ್ಟ್ ಬಂತು, ಅದು ಸರಿಯಾದ ಅಂಕಿ. ನೆಗೆಟಿವ್ ಕಂಬದಿಂದ ಕಾರಿನ ಬಾಡಿಯ ಲೋಹಕ್ಕೆ 0.1, ಅದೂ ಸರಿ. ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಕಡ್ಡಿ ಮುಟ್ಟಿಸಿದಾಗ 8.4 ಬಂತು. ಮತ್ತೆ ಅಳೆದೆ, ಮತ್ತೆ 8.4. ಮೋಟರಿಗೆ ಉಳಿಯುತ್ತಿದ್ದುದು ಮೂರೂವರೆ ವೋಲ್ಟ್ ಮಾತ್ರ.

ಅಷ್ಟರಲ್ಲಿ ಒಳಗಿನಿಂದ ಅಪ್ಪಯ್ಯ, "ಈ ಚೋಕು ಯಾಕೆ ಇಷ್ಟು ಬಿಸಿಯಾಗಿದೆ?" ಎಂದು ಕೇಳಿದರು. ಉತ್ತರ ಅವರ ಆ ಪ್ರಶ್ನೆಯಲ್ಲೇ ಇತ್ತು. ಅಂಬಾಸಿಡರಿನ ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ನಡುವೆ ಕರೆಂಟು ಹರಿಯಲು ಒಂದು ತಾಮ್ರದ ಪಟ್ಟಿ ಬೇಕು. ಆ ಅರ್ತ್ ಪಟ್ಟಿ ಕೆಟ್ಟರೆ ಕರೆಂಟು ಎಂಜಿನ್ನಿನಿಂದ ಕಾರಿನ ಬಾಡಿಯತ್ತ ಮರಳಲು ಸಿಕ್ಕ ಲೋಹವನ್ನೆಲ್ಲ ಹಿಡಿಯುತ್ತದೆ, ಕಾರ್ಬ್ಯುರೇಟರಿನಿಂದ ಡ್ಯಾಶ್‌ಬೋರ್ಡಿಗೆ ಬರುವ, ತಣ್ಣಗಿನ ಎಂಜಿನ್ ಹೊತ್ತಿಸಲು ಎಳೆಯುವ ಚೋಕ್ ಕೇಬಲ್ಲು ಅಂಥದೊಂದು ಹಾದಿ. ಸೆಲ್ಫ್ ಮೋಟರಿನ ಕರೆಂಟನ್ನು ಹೊರಲು ಮಾಡಿದ ತಂತಿಯಲ್ಲವಾದ್ದರಿಂದ ಅದು ಬಿಸಿಯಾಗುತ್ತದೆ, ಕೀಲಿಯನ್ನು ಹಿಡಿದೇ ಇದ್ದರೆ ಕೆಂಪಗಾಗಿ ಬೆಂಕಿಯೂ ಹತ್ತಬಹುದು. ಕೀಲಿಯನ್ನು ಮತ್ತೆ ಮತ್ತೆ ತಿರುಗಿಸಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಜಂಪ್ ಕೇಬಲ್ಲಿನ ಒಂದು ಎಳೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದಿಂದ ನೇರವಾಗಿ ಎಂಜಿನ್ನಿಗೆ ಕಚ್ಚಿಸಿ ಕೀಲಿ ತಿರುಗಿಸಲು ಹೇಳಿದೆ. ಮೋಟರ್ ಒಂದೇ ಸಲಕ್ಕೆ ಗಿರ್ರನೆ ತಿರುಗಿತು. ಆ ಸದ್ದು ಕೇಳಿ ನನಗಾದ ಸಮಾಧಾನವನ್ನು ಇಲ್ಲಿ ದಾಖಲಿಸಲೇಬೇಕು.

ಪಟ್ಟಿಯನ್ನು ಬಿಚ್ಚಿ ತೆಗೆಯಲು ನೆಲದ ಮೇಲೆ ಮಲಗಬೇಕಾಯಿತು. ಕೆಳಗಿನಿಂದ ನೋಡಿದರೆ ಅದು ಪೂರ್ತಿ ಇದ್ದಂತೆಯೇ ಕಾಣುತ್ತಿತ್ತು. ಬೋಲ್ಟ್ ಸಡಿಲಿಸಿದಾಗ ಮಾತ್ರ ತುದಿಯ ಹಿಡಿಕೆಯೊಳಗೆ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು ಪುಡಿಯಾಗಿ, ಏಳೆಂಟು ಎಳೆಗಳಷ್ಟೇ ಉಳಿದಿದ್ದು ತಿಳಿಯಿತು. ನಾಲ್ಕು ತಿಂಗಳ ಮಲೆನಾಡಿನ ತೇವದಲ್ಲಿ ದೇವರ ಮುಂದಿನ ತಾಮ್ರದ ಚೊಂಬನ್ನೇ ವಾರಕ್ಕೊಮ್ಮೆ ಹುಣಿಸೆಹಣ್ಣಿನಲ್ಲಿ ತಿಕ್ಕಬೇಕಾಗುವಾಗ, ಕಾರಿನ ಅಡಿಯಲ್ಲಿ ಕೆಸರು ಸಿಡಿಯುವ ಜಾಗದ ಈ ತಾಮ್ರವನ್ನು ನಾವು ಯಾರೂ ಒಮ್ಮೆಯೂ ನೋಡಿರಲಿಲ್ಲ. ಎರಡು ವರ್ಷದ ಹಿಂದೆಯೂ ದೋಷ ಇಲ್ಲೇ ಇದ್ದಿರಬೇಕು. ಆಗ ಇನ್ನೂ ಹೆಚ್ಚು ಎಳೆಗಳಿದ್ದುದರಿಂದ ಹೊಸ ಬ್ಯಾಟರಿಯ ಬಲಕ್ಕೆ ಎಂಜಿನ್ ಹೇಗೋ ತಿರುಗಿತ್ತು ಎಂದು ಈಗ ಅನ್ನಿಸುತ್ತದೆ.

ಸಾಗರದ ಬಿಡಿಭಾಗದ ಅಂಗಡಿಯಿಂದ ಹೊಸ ಪಟ್ಟಿ ತಂದೆ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಡಿಸಿ, ಪಟ್ಟಿ ಕೂರುವ ಎರಡೂ ಜಾಗಗಳ ಬಣ್ಣ, ಜಿಡ್ಡು, ತುಕ್ಕನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದ ಮೇಲೆ ಹೊರಗಡೆ ಗ್ರೀಸ್ ಸವರಿದೆ. ಕಾಯಿಲ್ ವೈರನ್ನು ಮತ್ತೆ ಸಿಕ್ಕಿಸುವ ಮುನ್ನ ಅದೇ ಜಾಗದಲ್ಲಿ ಅಳೆದಾಗ 8.4 ಇದ್ದದ್ದು 0.1 ಆಗಿತ್ತು, ಬ್ಯಾಟರಿ 10.7ಕ್ಕೆ ಇಳಿದು ಎಂಜಿನ್ನನ್ನು ಚುರುಕಾಗಿ ತಿರುಗಿಸುತ್ತಿತ್ತು. ನಾಲ್ಕು ತಿಂಗಳಲ್ಲಿ ಕಾರ್ಬ್ಯುರೇಟರಿನೊಳಗಿನ ಪೆಟ್ರೋಲ್ ಆರಿಹೋಗಿದ್ದರಿಂದ, ಮೋಟರಿಗೆ ನಡುವೆ ಬಿಡುವು ಕೊಡುತ್ತ ಮೂರ್ನಾಲ್ಕು ಸಲ ತಿರುಗಿಸಿದ ಮೇಲೆ ಎಂಜಿನ್ ಹೊತ್ತಿಕೊಂಡಿತು. ಚೋಕ್ ಕೇಬಲ್ಲಿನ ಹೊರಕವಚ ಒಂದು ಕಡೆ ಕರಗಿ ಒಳಗಿನ ತಂತಿಗೆ ಅಂಟಿಕೊಂಡಿದ್ದರಿಂದ ಅದನ್ನೂ ಬದಲಿಸಬೇಕಾಯಿತು. ಸೆಲ್ಫ್ ಮೋಟರನ್ನು ಅದರ ಜಾಗದಿಂದ ಕದಲಿಸಲಿಲ್ಲ.