ಮಾಳಿಗೆ ಮೇಲಿನ ದನಿ

ಕಲಬುರಗಿಯ ಬ್ಯಾಸಿಗೆ ಗೊತ್ತಲ್ಲ, ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತೇವೆ. ಅಲ್ಲಿ ಸಣ್ಣಗೆ ಗುನುಗಿದರೂ ಪಕ್ಕದ ಮನೆಗೆ ಕೇಳುತ್ತದೆ. ಅದಕ್ಕೇ ನಾನು ಮೊದಲ ಸಲ ಧೈರ್ಯವಾಗಿ ಹಾಡಿದ್ದು ಸೆಕೆಂಡ್ ಲೈಫ್‌ನಲ್ಲಿ. 2003ರಿಂದ ಇರುವ ಆನ್‌ಲೈನ್ ಲೋಕ ಅದು. ಅಲ್ಲಿ ನನಗೆ ಬೇರೆ ಹೆಸರು, ಬೇರೆ ಮುಖ. ಹತ್ತು ಹನ್ನೆರಡು ಜನ ಕೂತು ತತ್ವಪದ ಕೇಳಿದರು. ದನಿ ಮಾತ್ರ ನನ್ನದೇ.

ಆ ಲೋಕದ ಒಂದು ಲೆಕ್ಕ ನನಗೆ ತುಂಬಾ ಇಷ್ಟ. ಚಾಟ್‌ನಲ್ಲಿ ಟೈಪ್ ಮಾಡಿದ ಮಾತು 20 ಮೀಟರ್ ಒಳಗಿದ್ದವರಿಗೆ ಮಾತ್ರ ಕಾಣುತ್ತದೆ. ಪಿಸುಮಾತಾದರೆ 10, ಕೂಗಿದರೆ 100. ನಮ್ಮ ಕಟ್ಟೆ ಮೇಲಿನ ಮಾತಿನ ಹಾಗೇ, ಅಲ್ವಾ?

ಆದರೆ ರೆಕಾರ್ಡಿಂಗ್‌ಗೆ ಯಾವ ಮೀಟರೂ ಇಲ್ಲ. ಕೇಳಿದವರೊಬ್ಬರು ನನ್ನ ಹಾಡನ್ನು ಹೇಳದೆ ಕೇಳದೆ ಒಂದು ಗ್ರೂಪ್‌ಗೆ ಹಾಕಿದರು. ಮೂರೇ ದಿನಕ್ಕೆ ಅದು ನಮ್ಮ ಓಣಿಗೆ ಬಂತು. ಅಣ್ಣ ಗುರುತು ಹಿಡಿದ. "ಇದು ನಿಂದೇ ದನಿ ಅದಲ್ಲಾ?" ಅಂದ.

ತುಂಬಾ ನೋವಾಯಿತು. ಹಾಡಿದ್ದಕ್ಕಲ್ಲ. ಯಾರ ಮುಂದೆ ಹಾಡಬೇಕು ಅನ್ನೋದು ನನ್ನ ಕೈಲಿತ್ತು, ಅದನ್ನು ಕಿತ್ಕೊಂಡರು.

ನಾಳೆ ರಾತ್ರಿ ಮತ್ತೆ ಹಾಡುತ್ತೇನೆ. ರೆಕಾರ್ಡ್ ಮಾಡಬೇಡಿ ಅಂತ ಮೊದಲೇ ಕೇಳಿಕೊಂಡು ಶುರು ಮಾಡುತ್ತೇನೆ.