ಶನಿವಾರದ ರೇಸಿಗೆ ಭಾನುವಾರದವರು ಬರಬಹುದೇ?

ನಾವು ಅಮೆರಿಕದ ಷಾರ್ಲಟ್‌ಗೆ ಬಂದು ಹನ್ನೆರಡು ವರ್ಷ ದಾಟಿತು. ಇಲ್ಲಿನ ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ಸಂಸ್ಥೆ ನಾಸ್ಕಾರ್. ಅದರ ತಂಡಗಳ ಪೈಕಿ ಮುಕ್ಕಾಲು ಪಾಲಿನವರ ವರ್ಕ್‌ಶಾಪ್‌ಗಳು ನಮ್ಮ ಸುತ್ತಮುತ್ತ, ಕಾನ್ಕರ್ಡ್, ಮೂರ್ಸ್‌ವಿಲ್, ಹಂಟರ್ಸ್‌ವಿಲ್‌ಗಳಲ್ಲೇ ಇವೆ. ಊರಿಂದ ಯಾರೇ ಬಂದರೂ ಒಂದು ದಿನ ಸ್ಟಾಕ್ ಕಾರ್ ರೇಸ್ ತೋರಿಸದೆ ಕಳಿಸುವುದಿಲ್ಲ. ಬಂದವರು ಮೊದಲ ಅರ್ಧ ಗಂಟೆ ಕಿವಿ ಮುಚ್ಚಿಕೊಂಡು ಕೂತಿರುತ್ತಾರೆ. ಆಮೇಲೆ ಲೆಕ್ಕ ಹಿಡಿಯತೊಡಗಿದಂತೆ ಒಬ್ಬೊಬ್ಬರೂ ಕೇಳುವುದು ಅದೇ ಪ್ರಶ್ನೆ. 2025ರ ಮೇ ತಿಂಗಳಲ್ಲಿ ಮೈಸೂರಿನ ಸೋದರಮಾವ ಬಂದಿದ್ದಾಗ ಅದನ್ನು ಬಲು ಸೊಗಸಾಗಿ ಕೇಳಿದರು:

"ಅಲ್ಲಪ್ಪಾ, ಜನವರಿಯಲ್ಲಿ ನಮ್ಮ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ ಹರಿಯಾಣದ ಮೇಲೆ ರಣಜಿ ಆಡಿದಾಗ ಎಲ್ಲರೂ ಭೇಷ್ ಅಂದ್ವಿ. ಇಲ್ಲಿ ದೊಡ್ಡ ಡ್ರೈವರ್ ಚಿಕ್ಕ ರೇಸಿಗೆ ಬಂದರೆ ನಿಮ್ಮ ಜನ ಯಾಕೆ ಮುಖ ಸಿಂಡರಿಸ್ತಾರೆ?"

ಗಂಗೋತ್ರಿ ಗ್ಲೇಡ್ಸ್‌ನಲ್ಲಿ 2010ರ ರಣಜಿ ಫೈನಲ್‌ನಲ್ಲಿ ನಾವು ಮುಂಬೈ ಎದುರು ಆರೇ ಆರು ರನ್ನಿಂದ ಸೋತದ್ದನ್ನು ಕಣ್ಣಾರೆ ಕಂಡವರು ಅವರು. ಅವರಿಗೆ ಬಾಯಿಮಾತಿನ ಉತ್ತರ ಕೊಡುವಂತಿರಲಿಲ್ಲ.

ಹೊಸಬರಿಗಾಗಿ ಎರಡು ಮಾತು. ನಾಸ್ಕಾರ್‌ನಲ್ಲಿ ಮೂರು ಮೆಟ್ಟಿಲು. ಎಲ್ಲಕ್ಕಿಂತ ಮೇಲೆ ಕಪ್ ಸೀರೀಸ್, ಸಾಮಾನ್ಯವಾಗಿ ಭಾನುವಾರ. ಅದರ ಕೆಳಗಿನದು ಹೆಚ್ಚಾಗಿ ಶನಿವಾರ. ಸ್ಪಾನ್ಸರ್ ಬದಲಾದಂತೆ ಬುಶ್, ನೇಷನ್‌ವೈಡ್, ಎಕ್ಸ್‌ಫಿನಿಟಿ ಅಂತ ಅದರ ಹೆಸರೂ ಬದಲಾಗುತ್ತ ಬಂದಿದೆ, ಹಾಗಾಗಿ ನಾನು ಶನಿವಾರದ ರೇಸು ಅಂತಲೇ ಕರೆಯುತ್ತೇನೆ. ಮೂರನೆಯದು 1995ರಲ್ಲಿ ಶುರುವಾದ ಟ್ರಕ್ ಸೀರೀಸ್. ಕೆಳಗಿನ ಎರಡರಲ್ಲಿ ಹುಡುಗರು ಪಳಗುತ್ತಾರೆ. ಮೇಲಕ್ಕೆ ಹೋಗಲಾಗದ, ಹೋಗಲು ಇಷ್ಟವಿಲ್ಲದ ಅನುಭವಸ್ಥರು ಅಲ್ಲೇ ಹೊಟ್ಟೆಪಾಡು ನೋಡಿಕೊಳ್ಳುತ್ತಾರೆ.

ನನ್ನ ಉತ್ತರ: ದೊಡ್ಡವರು ಬರಲಿ. ಆದರೆ ಭಾನುವಾರದ ಸೈನ್ಯವನ್ನು ಮನೆಯಲ್ಲಿ ಬಿಟ್ಟು ಬರಲಿ.

ರಾಹುಲ್ ರಣಜಿಗೆ ಬಂದಾಗ ತರುವುದು ತನ್ನ ಬ್ಯಾಟು, ತನ್ನ ಕೈ, ತನ್ನ ತಲೆ. ಪಿಚ್ಚು ಎಲ್ಲರಿಗೂ ಒಂದೇ, ಚೆಂಡು ಎಲ್ಲರಿಗೂ ಒಂದೇ. ಎದುರಿಗೆ ಬೌಲ್ ಮಾಡುವ ಹುಡುಗನಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಸಿಗುವುದಿಲ್ಲ. ಕಪ್ ಡ್ರೈವರ್ ಶನಿವಾರ ಬಂದಾಗ ಅವನ ಹಿಂದೆಯೇ ಕಪ್ ತಂಡದ ಕಾರು, ಎಂಜಿನಿಯರುಗಳು, ಟೈರು ಬದಲಿಸುವ ನುರಿತ ಹುಡುಗರು, ಸ್ಪಾನ್ಸರ್ ದುಡ್ಡು, ಎಲ್ಲವೂ ಬರುತ್ತವೆ. ಅವತ್ತು ಹುಡುಗರು ಸೆಣಸಬೇಕಾಗಿರುವುದು ಆ ಡ್ರೈವರ್ ಒಬ್ಬನ ಜೊತೆಗಲ್ಲ.

ಅದನ್ನು ಮಾವನಿಗೆ ಬಾಯಲ್ಲಿ ಹೇಳುವ ಬದಲು ತೋರಿಸಿಯೇಬಿಟ್ಟೆ. ರೇಸಿನ ನಡುವೆ ಟೈರು, ಪೆಟ್ರೋಲಿಗೆ ಕಾರು ಬಂದು ನಿಲ್ಲುವ ಜಾಗ ಪಿಟ್ ರಸ್ತೆ. ರೇಸಿಗೆ ಮುಂಚೆ ಅಲ್ಲಿ ಓಡಾಡಲು ಪಾಸು ಸಿಗುತ್ತದೆ. ಒಂದು ಕಡೆ ದೊಡ್ಡ ಕಪ್ ತಂಡವಾದ ಹೆಂಡ್ರಿಕ್‌ನ 17ನೇ ನಂಬರಿನ ಕಾರು. ಅದರ ಮೈಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಪಿಟ್ ಹುಡುಗರು ಅಥ್ಲೀಟುಗಳ ಹಾಗೆ ಕಾಲು ಚಾಚಿ ಮೈ ಸಡಿಲಿಸುತ್ತಿದ್ದರು. ನಡೆಯುತ್ತ ನಡೆಯುತ್ತ ಸಾಲಿನ ಕೊನೆಗೆ ಬಂದರೆ ಒಂದು ಚಿಕ್ಕ ತಂಡ. ಬಂಪರಿನ ಅಂಚಿಗೆ ಟೇಪು ಸುತ್ತಿದ್ದರು. ಹೆಂಗಸೊಬ್ಬಳು ನೆಲದ ಮೇಲೆ ಕೂತು ಪ್ರತಿ ಟೈರಿನ ಗಾಳಿ ಅಳೆದು, ಬಿಳಿ ಪೆನ್ನಿನಿಂದ ಅದರ ಮೈಮೇಲೆ ಅಂಕಿ ಬರೆಯುತ್ತಿದ್ದಳು. ರೇಸ್ ಶುರುವಾದ ಮೇಲೆ ಪೆಟ್ರೋಲ್ ಕ್ಯಾನ್ ಹಿಡಿದು ನಿಂತವಳೂ ಅವಳೇ. ಅವರ ಹತ್ತಿರ ಎಷ್ಟು ಸೆಟ್ ಟೈರು ಇತ್ತೆಂದು ಮಾವ ಎಣಿಸಿದರು, ಆಮೇಲೆ 17ರ ಹತ್ತಿರ ಹೋಗಿ ಅಲ್ಲಿಯದನ್ನೂ ಎಣಿಸಿ ಬಂದು ಸುಮ್ಮನಾದರು. ಗಂಟೆಗೆ 180 ಮೈಲಿ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 80 ಮೀಟರು ಮುಂದೆ ಹೋಗಿರುತ್ತದೆ. ಪಿಟ್‌ನಲ್ಲಿ ಎರಡು ಸೆಕೆಂಡು ತಡವಾಯಿತೆಂದರೆ ಡ್ರೈವರ್ ಎಂಥವನಾದರೂ ಆ ದೂರ ಮತ್ತೆ ಕೈಗೆ ಸಿಗುವುದು ಕಷ್ಟ.

ಆ ಶನಿವಾರ ಗೆದ್ದದ್ದು 17ರಲ್ಲಿ ಕೂತಿದ್ದ ಕಪ್ ಡ್ರೈವರ್ ವಿಲಿಯಂ ಬೈರನ್. ಹಿಂದಿನ ವರ್ಷ ಇದೇ ಟ್ರ್ಯಾಕಿನಲ್ಲಿ, ಇದೇ 17ನೇ ನಂಬರಿನಲ್ಲಿ ಗೆದ್ದದ್ದು ಇನ್ನೊಬ್ಬ ಕಪ್ ಡ್ರೈವರ್ ಚೇಸ್ ಎಲಿಯಟ್. ಇಬ್ಬರೂ ನನಗೆ ಅಚ್ಚುಮೆಚ್ಚು. ಆದರೂ ಆ ಎರಡು ಶನಿವಾರವೂ ಚಪ್ಪಾಳೆ ತಟ್ಟಲು ನನಗೆ ಮನಸ್ಸು ಬರಲಿಲ್ಲ.

ಹಿಂದೆ ಇದು ಮಿತಿಮೀರಿತ್ತು. 2006ರಿಂದ 2010ರವರೆಗೆ ಐದೂ ವರ್ಷ ಎರಡನೇ ಮೆಟ್ಟಿಲಿನ ಚಾಂಪಿಯನ್ ಆದವರು ಕಪ್ ಡ್ರೈವರುಗಳೇ: ಹಾರ್ವಿಕ್, ಕಾರ್ಲ್ ಎಡ್ವರ್ಡ್ಸ್, ಬೋಯರ್, ಕೈಲ್ ಬುಶ್, ಕೆಸೆಲೌಸ್ಕಿ. 2011ರಲ್ಲಿ, ಒಬ್ಬ ಡ್ರೈವರ್ ಒಂದೇ ಸೀರೀಸಿನ ಚಾಂಪಿಯನ್‌ಶಿಪ್ ಅಂಕ ಗಳಿಸಬಹುದು ಎಂಬ ನಿಯಮ ಬಂತು. ಕಿರೀಟ ಹುಡುಗರಿಗೆ ಉಳಿಯಿತು, ಗೆಲುವು ಮಾತ್ರ ದೊಡ್ಡವರ ಪಾಲಾಗುತ್ತಲೇ ಹೋಯಿತು. 2013ರಲ್ಲಿ ಆಸ್ಟಿನ್ ಡಿಲನ್ ಇಡೀ ಸೀಸನ್ನಿನಲ್ಲಿ ಒಂದೂ ರೇಸು ಗೆಲ್ಲದೆ ಚಾಂಪಿಯನ್ ಆದ. ಅದು ಅವನ ತಪ್ಪಲ್ಲ, ಆದರೆ ಆ ಸೀರೀಸ್ ಹೇಗಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೊನೆಗೆ 2017ರಲ್ಲಿ, ಐದು ವರ್ಷಕ್ಕಿಂತ ಹೆಚ್ಚು ಅನುಭವವಿದ್ದ ಕಪ್ ಡ್ರೈವರುಗಳು ಶನಿವಾರದ ಹತ್ತು ರೇಸಿಗಿಂತ ಹೆಚ್ಚು ಓಡಿಸುವಂತಿಲ್ಲ ಎಂದಾಯಿತು. ಮರುವರ್ಷ ಅದು ಏಳಕ್ಕೆ ಇಳಿಯಿತು, 2020ರಲ್ಲಿ ಐದಕ್ಕೆ.

ಕೈಲ್ ಬುಶ್ ಹೆಸರೆತ್ತದೆ ಈ ಚರ್ಚೆ ಮುಗಿಯುವುದಿಲ್ಲ. ಶನಿವಾರದ ರೇಸುಗಳಲ್ಲಿ ಅವನ ಗೆಲುವು 102. ಅವನಿಗಿಂತ ಹಿಂದಿನ ದಾಖಲೆ ಮಾರ್ಕ್ ಮಾರ್ಟಿನ್‌ದು, 49. 2010ರ ಆಗಸ್ಟಿನಲ್ಲಿ ಬ್ರಿಸ್ಟಲ್‌ನಲ್ಲಿ ಒಂದೇ ವಾರ ಟ್ರಕ್, ನೇಷನ್‌ವೈಡ್, ಕಪ್ ಮೂರನ್ನೂ ಗೆದ್ದ. 2017ರಲ್ಲಿ ಅದೇ ಊರಿನಲ್ಲಿ ಇನ್ನೊಮ್ಮೆ. ಆ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ 2011ರ ನವೆಂಬರಿನ ಟೆಕ್ಸಾಸ್ ರೇಸನ್ನು ಮರೆಯಲಾರೆ. ಟ್ರಕ್ ಸೀರೀಸನ್ನೇ ಬದುಕಾಗಿಸಿಕೊಂಡಿದ್ದ ರಾನ್ ಹಾರ್ನಡೇ ಚಾಂಪಿಯನ್‌ಶಿಪ್ ಪೈಪೋಟಿಯಲ್ಲಿದ್ದ. ಎಲ್ಲರೂ ನಿಧಾನವಾಗಿ ಸಾಲಾಗಿ ಹೋಗಬೇಕಾದ ಹಳದಿ ಬಾವುಟ ಹಾರುತ್ತಿದ್ದಾಗಲೇ ಬುಶ್ ಸಿಟ್ಟಿನಿಂದ ಅವನನ್ನು ಗೋಡೆಗೆ ನುಗ್ಗಿಸಿದ. ಮಾರನೆಯ ಎರಡೂ ದಿನ ಬುಶ್ ಓಡಿಸದಂತೆ ನಾಸ್ಕಾರ್ ತಡೆಯಿತು. ಬುಶ್‌ಗೆ ಆ ಟ್ರಕ್ ರೇಸು ಒಂದು ಸಂಜೆಯ ಕೆಲಸ. ಹಾರ್ನಡೇಗೆ ಅಲ್ಲಿ ಇಡೀ ವರ್ಷದ ದುಡಿಮೆ ಮಣ್ಣುಪಾಲಾಯಿತು.

ಹಾಗಾದರೆ ಪೂರ್ತಿ ನಿಷೇಧಿಸಲಿ ಅಂತ ಕೆಲವು ಗೆಳೆಯರು ವಾದಿಸುತ್ತಾರೆ. ಅದನ್ನೂ ಒಪ್ಪಲಾರೆ. 2014ರ ಏಪ್ರಿಲ್, ಅದೇ ಟೆಕ್ಸಾಸ್. ಇನ್ನೂ ಹೈಸ್ಕೂಲ್ ಮುಗಿಸಿರದ ಹದಿನೆಂಟರ ಚೇಸ್ ಎಲಿಯಟ್ ಕಪ್ ಘಟಾನುಘಟಿಗಳನ್ನು ಹಿಂದೆ ಹಾಕಿ ತನ್ನ ಮೊದಲ ಗೆಲುವು ಕಂಡ. ಆ ವರ್ಷದ ಚಾಂಪಿಯನ್ನೂ ಆದ. ಅವತ್ತು ಟ್ರ್ಯಾಕಿನಲ್ಲಿ ಬರೀ ಹುಡುಗರೇ ಇದ್ದಿದ್ದರೆ ಆ ಗೆಲುವಿನ ತೂಕವೇ ಬೇರೆಯಾಗುತ್ತಿತ್ತು. ಎಲಿಯಟ್‌ಗೆ ಅದು ಸಾಧ್ಯವಾದದ್ದು ಅವನ ಕೈಗೂ ಒಳ್ಳೆಯ ಕಾರು ಸಿಕ್ಕಿದ್ದರಿಂದ. ನಾನು ಮತ್ತೆ ಮತ್ತೆ ಕಾರಿಗೇ ಬಂದು ನಿಲ್ಲುವುದು ಇದಕ್ಕೇ.

ಇದಕ್ಕೆ ರಾಸ್ ಚಾಸ್ಟೇನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫ್ಲಾರಿಡಾದ ಕಲ್ಲಂಗಡಿ ಬೆಳೆಗಾರರ ಮನೆಯ ಹುಡುಗ. ವರ್ಷಗಟ್ಟಲೆ ಚಿಕ್ಕ ತಂಡದ ಕಾರಿನಲ್ಲಿ ಹಿಂದಿನ ಸಾಲುಗಳಲ್ಲಿ ಓಡಿಸುತ್ತಿದ್ದ, ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಗನಾಸಿ ಎಂಬ ಕಪ್ ತಂಡದ 42ನೇ ಕಾರನ್ನು 2018ರಲ್ಲಿ ಹಲವರು ಸರದಿಯ ಮೇಲೆ ಓಡಿಸುತ್ತಿದ್ದರು. ಮಾರ್ಚಿನಲ್ಲಿ ಲಾಸ್ ವೇಗಸ್‌ನಲ್ಲಿ ಅದರಲ್ಲಿ ಕೂತು ಗೆದ್ದವನು ಕಪ್ ಡ್ರೈವರ್ ಕೈಲ್ ಲಾರ್ಸನ್. ಚಾಸ್ಟೇನ್‌ಗೆ ಅದೇ ಸೀಟು ಸಿಕ್ಕಿದ್ದು ಮೂರು ರೇಸಿಗೆ. ಮೊದಲನೆಯದು ಡಾರ್ಲಿಂಗ್ಟನ್: ಎಲ್ಲರಿಗಿಂತ ಮುಂದಿನಿಂದ ಹೊರಟು 90 ಲ್ಯಾಪು, ಅಂದರೆ ಟ್ರ್ಯಾಕಿನ 90 ಸುತ್ತು, ಮುನ್ನಡೆಸಿದ, ಕೊನೆಗೆ ಕೆವಿನ್ ಹಾರ್ವಿಕ್ ಜೊತೆ ಡಿಕ್ಕಿಯಾಗಿ ರೇಸು ಕೈತಪ್ಪಿತು. ಎರಡನೆಯದು ಲಾಸ್ ವೇಗಸ್. ಆರು ತಿಂಗಳ ಹಿಂದೆ ಲಾರ್ಸನ್ ಗೆದ್ದಿದ್ದ ಅದೇ ಟ್ರ್ಯಾಕಿನಲ್ಲಿ, ಅದೇ ನಂಬರಿನ ಕಾರಿನಲ್ಲಿ ಗೆದ್ದೇಬಿಟ್ಟ.

ಹಾಗಾಗಿ ನಾಸ್ಕಾರ್‌ಗೆ ನನ್ನ ಕೋರಿಕೆ ಇಷ್ಟೇ. 2020ರಲ್ಲಿ ತಂದ ಐದು ರೇಸಿನ ಮಿತಿಯೇ ಇರಲಿ. ಅದರ ಜೊತೆಗೆ, ಕಪ್ ತಂಡವೊಂದು ತನ್ನ ಕಾರನ್ನು ಕಪ್ ಡ್ರೈವರಿಗೆ ಒಂದು ಶನಿವಾರ ಕೊಟ್ಟರೆ, ಅದೇ ಕಾರನ್ನು, ಅದೇ ಪಿಟ್ ಹುಡುಗರನ್ನು, ಇನ್ನೊಂದು ಶನಿವಾರ ಚಿಕ್ಕ ತಂಡದ ಡ್ರೈವರಿಗೂ ಕೊಡಬೇಕು. ಸ್ಪಾನ್ಸರುಗಳು ಒಪ್ಪುವುದಿಲ್ಲ ಅನ್ನುತ್ತಾರೆ. 2018ರಲ್ಲಿ ಮೂರು ರೇಸಿನ ಮಟ್ಟಿಗೆ ಒಪ್ಪಿದ್ದರಲ್ಲ!

ಭಾನುವಾರ ಸಂಜೆ ಮಾವನನ್ನು ಅದೇ ಟ್ರ್ಯಾಕಿನ ಕಪ್ ರೇಸು ಕೋಕಾ-ಕೋಲಾ 600ಗೂ ಕರೆದುಕೊಂಡು ಹೋಗಿದ್ದೆ. ಚಾಸ್ಟೇನ್ ಹಿಂದಿನ ದಿನ ಪ್ರ್ಯಾಕ್ಟೀಸಿನಲ್ಲಿ ಕಾರು ಜಜ್ಜಿಕೊಂಡಿದ್ದ. ತಂಡದವರು ನಿದ್ದೆಗೆಟ್ಟು ಬೇರೊಂದು ಕಾರು ಸಿದ್ಧಪಡಿಸಿದ್ದರು. ಹೊರಟಿದ್ದು 40ನೇ ಸ್ಥಾನದಿಂದ, ಅಂದರೆ ಎಲ್ಲರಿಗಿಂತ ಕೊನೆಯಿಂದ. ಬೈರನ್ ರೇಸಿನ ಬಹುಭಾಗ ಮುಂದಿದ್ದ. ಆರು ಲ್ಯಾಪು ಬಾಕಿ ಇದ್ದಾಗ ಚಾಸ್ಟೇನ್ ಅವನನ್ನು ಹಿಂದೆ ಹಾಕಿದ. ನಮ್ಮ ಸಾಲಿನವರೆಲ್ಲ ಎದ್ದು ನಿಂತರು, ಮಾವನೂ. ಗೆದ್ದ ಮೇಲೆ ಅವನು ಎಂದಿನಂತೆ ಕಲ್ಲಂಗಡಿ ಹಣ್ಣನ್ನು ಎತ್ತಿ ಟಾರಿನ ಮೇಲೆ ಒಡೆದ.

"ನೆನ್ನೆ ಆ ಟೇಪು ಸುತ್ತಿದ ಕಾರಿತ್ತಲ್ಲ, ಅಂಥದ್ದರಲ್ಲಿ ಓಡಿಸ್ತಿದ್ದವನಾ ಇವನು?" ಅಂದರು ಮಾವ.

ಹೌದು ಅಂದೆ. ಆ ತಂಡದ ಹುಡುಗನ ಹೆಸರೇನೆಂದು ಕೇಳಿ, ಟಿಕೆಟಿನ ಹಿಂದೆ ಬರೆದುಕೊಂಡರು.