ಗಾಳಿಗಲ್ಲ, ನೀರಿಗೆ ತಕ್ಕ ಉಡುಪು

ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಂಡೆಯಲ್ಲಿ ಬೆಳೆದ ನಮಗೆ ನೀರಿಗೆ ಬೀಳುವುದೆಂದರೆ ಭಯವೇ ಇರಲಿಲ್ಲ. ಧನುರ್ಮಾಸದ ಬೆಳಗಿನಲ್ಲಿ ತೆಪ್ಪದಲ್ಲಿ ಕುಳಿತು ಗಾಳ ಹಾಕುವಾಗ ಆಯತಪ್ಪಿ ಬಿದ್ದರೂ, ಹೊಳೆಯ ನೀರು ಹೊರಗಿನ ಗಾಳಿಗಿಂತ ಬೆಚ್ಚಗೇ ಇರುತ್ತಿತ್ತು. ಆ ಅನುಭವವನ್ನೇ ನಂಬಿಕೊಂಡು ನಾನು ಅಮೆರಿಕದ ಸಿಯಾಟಲ್ ಬಳಿಯ ಪ್ಯೂಜೆಟ್ ಸೌಂಡ್ ಎಂಬ ಕಡಲ ಚಾಚಿನಲ್ಲಿ ಜೀನ್ಸ್ ಪ್ಯಾಂಟು, ಹತ್ತಿಯ ಅಂಗಿ ತೊಟ್ಟು ಕಯಾಕ್ ಎಂಬ ಕಿರಿದಾದ ಪುಟ್ಟ ದೋಣಿ ಏರಿದೆ.

ಅದು ಏಪ್ರಿಲ್ ತಿಂಗಳ ಒಳ್ಳೆಯ ಬಿಸಿಲಿನ ಮಧ್ಯಾಹ್ನ. ಮೀನನ್ನು ಎಳೆದುಕೊಳ್ಳಲು ಪಕ್ಕಕ್ಕೆ ಬಾಗಿದಾಗ ಕಯಾಕ್ ಮಗುಚಿತು. ಆ ಕಡಲಿನ ನೀರು ವರ್ಷದ ಬಹುಭಾಗ 7ರಿಂದ 13 ಡಿಗ್ರಿಯೊಳಗೇ ಇರುತ್ತದೆ. ಅಂಥ ನೀರು ಮೈಗೆ ತಾಗಿದ ಕ್ಷಣವೇ, ನಾವು ಬೇಡವೆಂದರೂ, ಎದೆ ತಾನಾಗಿ ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ನೀರೇ ಒಳಹೋಗುತ್ತದೆ. ಲೈಫ್ ಜಾಕೆಟ್ ನನ್ನ ತಲೆಯನ್ನು ಮೇಲೆ ಹಿಡಿದಿತ್ತು, ದಡವೂ ಹತ್ತಿರವಿತ್ತು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿನವರು ಇದನ್ನು ‘ಒಂದು, ಹತ್ತು, ಒಂದು’ ಎಂದು ನೆನಪಿಡುತ್ತಾರೆ. ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಹೆಚ್ಚುಕಡಿಮೆ ಒಂದು ಗಂಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಕಸಿದುಕೊಳ್ಳುವುದರಿಂದ, ಹೊರಗಿನ ಬಿಸಿಲನ್ನು ನೋಡಿ ಬಟ್ಟೆ ಆರಿಸಲೇಬಾರದು.

ಈಗ ನನ್ನ ತಮ್ಮನ ಮಗ ಓದಿಗಾಗಿ ಅದೇ ಊರಿಗೆ ಹೊರಟಿದ್ದಾನೆ. ಅವನಿಗೂ ಗಾಳದ ಹುಚ್ಚು. ಮೊನ್ನೆ ಕುವೆಂಪುನಗರದ ಅವರ ಮನೆಗೆ ಹೋದಾಗ, ಅವನ ತಾಯಿ ಸೂಟ್‌ಕೇಸಿನಲ್ಲಿ ಹತ್ತಿಯ ದಪ್ಪ ಬನಿಯನ್‌ಗಳನ್ನು ಜೋಡಿಸುತ್ತಾ, “ಭಾವ, ಚಳಿಗೆ ಇಷ್ಟು ಸಾಕಲ್ವಾ?” ಎಂದು ಕೇಳಿದಳು. ನಾನು ಬಕೆಟ್ ನೀರಿನಲ್ಲಿ ಒಂದು ಹತ್ತಿಯ ಬನಿಯನ್ನನ್ನೂ ಒಂದು ಉಣ್ಣೆಯ ಸ್ವೆಟರನ್ನೂ ಅದ್ದಿ ಹಿಂಡಿ, ಹುಡುಗನ ಎಡಗೈಗೆ ಒಂದು, ಬಲಗೈಗೆ ಇನ್ನೊಂದು ಸುತ್ತಿ ಫ್ಯಾನಿನ ಕೆಳಗೆ ನಿಲ್ಲಿಸಿದೆ. ಐದು ನಿಮಿಷದಲ್ಲೇ ಅವನು, “ದೊಡ್ಡಪ್ಪ, ಎಡಗೈ ಕೊರೀತಿದೆ” ಎಂದ. ಒದ್ದೆಯಾದ ಹತ್ತಿ ಚರ್ಮಕ್ಕೆ ಅಂಟಿಕೊಂಡು ತಣ್ಣಗಾಗುತ್ತದೆ. ಉಣ್ಣೆ ನೆನೆದರೂ ತನ್ನ ಎಳೆಗಳ ನಡುವೆ ಸ್ವಲ್ಪ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಎಲ್ಲಕ್ಕಿಂತ ಹೊರಗೆ ತೊಡುವ ಡ್ರೈಸೂಟನ್ನು ಅವನು ಅಲ್ಲಿಯೇ ಕೊಳ್ಳಬೇಕು. ಅದು ದುಬಾರಿ, ಆದರೆ ನನ್ನ ಮಟ್ಟಿಗೆ ಗಾಳದ ಕೋಲಿಗಿಂತ ಮೊದಲು ಕೊಳ್ಳಬೇಕಾದದ್ದು ಅದೇ. ಅದು ನೀರನ್ನು ಹೊರಗಿಡುತ್ತದೆಯೇ ಹೊರತು ತಾನಾಗಿ ಬೆಚ್ಚಗಿಡುವುದಿಲ್ಲ. ಬೆಚ್ಚಗಿಡುವುದು ಒಳಗಿನ ಉಣ್ಣೆ ಮತ್ತು ಫ್ಲೀಸ್ ಎಂಬ ಮೆತ್ತನೆಯ ಕೃತಕ ನೂಲಿನ ಬಟ್ಟೆ. ಜಿಪ್ ಪೂರ್ತಿ ಎಳೆದ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಸೂಟನ್ನು ಮೈಗೆ ಅಪ್ಪಿಕೊಂಡು, ಕತ್ತಿನ ರಬ್ಬರ್ ಪಟ್ಟಿಯನ್ನು ಬೆರಳಿನಿಂದ ತುಸು ಬಿಡಿಸಿದರೆ ಒಳಗಿನ ಗಾಳಿ ಬುಸ್ಸೆಂದು ಹೊರಬರುತ್ತದೆ. ಇದನ್ನು ಮರೆತರೆ ಗಾಳಿ ಕಾಲುಗಳಿಗೆ ಸೇರಿಕೊಂಡು ನೀರಿನಲ್ಲಿ ಕಾಲು ಮೇಲಾಗುವ ಅಪಾಯವಿದೆ. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ದಪ್ಪ ನಿಯೋಪ್ರೀನ್ ರಬ್ಬರಿನ, ಒಳಗೆ ತುಸು ನೀರು ಬಿಟ್ಟುಕೊಳ್ಳುವ ವೆಟ್‌ಸೂಟ್ ಆಗಬಹುದು. ಆದರೆ ಗಾಳಿ ಬೀಸುವಾಗ ಅದನ್ನು ತೊಟ್ಟು ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಕಷ್ಟ.

ಅಲ್ಲಿ ಕಯಾಕಿನಲ್ಲಿ ಒಬ್ಬೊಬ್ಬರಿಗೂ ಲೈಫ್ ಜಾಕೆಟ್ ಇರಬೇಕೆಂಬುದು ಕಾನೂನು. ದೊಡ್ಡವರು ಅದನ್ನು ಸೀಟಿನ ಹಿಂದೆ ಸಿಕ್ಕಿಸಿಡುವುದನ್ನು ನೋಡಿದ್ದೇನೆ, ಮಗುಚಿದಾಗ ಅದು ಕೈಗೆ ಸಿಗುವುದಿಲ್ಲ. ಮೈಮೇಲೆ ತೊಟ್ಟು, ಪಟ್ಟಿ ಬಿಗಿದು, ಊದುವ ಸೀಟಿಯನ್ನು ಅದಕ್ಕೇ ಕಟ್ಟಿಕೊಳ್ಳಬೇಕು.

ಹೊರಡುವ ಹೊತ್ತಿಗೆ ಬನಿಯನ್‌ಗಳೆಲ್ಲ ಬೀರುವಿಗೆ ಮರಳಿದ್ದವು. ಅವನ ತಾಯಿ ಉಣ್ಣೆಯ ಮಂಕಿ ಕ್ಯಾಪನ್ನು ಹಿಡಿದು ನನ್ನ ಮುಖ ನೋಡಿದಳು; ಅದನ್ನು ನಾನೇ ಸೂಟ್‌ಕೇಸಿನಲ್ಲಿಟ್ಟೆ.